‘ಔಟ್ ಆಫ್ ದ ಬ್ಲೂ’ ಎಲ್ಲಿ ಸಲ್ಲುತ್ತದೆ?

ಪ್ರಶ್ನೆ: ಇಂಗ್ಲಿಷಿನ ‘ಔಟ್ ಆಫ್ ದ ಬ್ಲೂ’ (ಇದ್ದಕ್ಕಿದ್ದಂತೆ) ಎಂಬ ನುಡಿಗಟ್ಟನ್ನು ಕೆಟ್ಟ ಸುದ್ದಿಗೆ ಮಾತ್ರ ಬಳಸಬೇಕೆ?

ಉತ್ತರ: ಹಾಗೇನಿಲ್ಲ. ಬಹುಕಾಲ ಸುಳಿವೇ ಇಲ್ಲದ ಗೆಳೆಯ ದಿಢೀರನೆ ಫೋನ್ ಮಾಡಿದರೆ ‘ಹಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ’ ಎನ್ನಬಹುದು. ಇಲ್ಲಿ ಮುಖ್ಯವಾದುದು ಮುನ್ಸೂಚನೆಯಿಲ್ಲದಿರುವುದೇ ಹೊರತು ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಆದರೆ ‘ಎ ಬೋಲ್ಟ್ ಫ್ರಮ್ ದ ಬ್ಲೂ’ (ನೀಲಿ ಆಕಾಶದಿಂದ ಎರಗಿದ ಸಿಡಿಲು) ಎಂಬುದು ನಾಮಪದವಾಗಿ ಬರುತ್ತದೆ ಮತ್ತು ನಮ್ಮ ‘ಬರಸಿಡಿಲಿ’ನಂತೆ ಸಾಮಾನ್ಯವಾಗಿ ಆಘಾತಕ್ಕೇ ಮೀಸಲು. ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲ್ 1837ರಲ್ಲಿಯೇ ಫ್ರೆಂಚ್ ಕ್ರಾಂತಿಯ ಕಾಲದ ದಿಢೀರ್ ಬಂಧನಗಳನ್ನು ಇಂಥ ಸಿಡಿಲಿಗೆ ಹೋಲಿಸಿದ್ದರು. (ಇದು ಬರಿಯ ಕಲ್ಪನೆಯಲ್ಲ, ಮಳೆಮೋಡದಿಂದ 15 ಕಿಲೋಮೀಟರಿಗೂ ಆಚೆ, ತಿಳಿಯಾದ ಆಕಾಶವಿರುವಲ್ಲಿಯೂ ಸಿಡಿಲು ಬಡಿಯುವುದುಂಟು.) ಮೊದಲೇ ನಿಗದಿಯಾಗಿದ್ದ ಪರೀಕ್ಷೆಗೆ ಸಿದ್ಧರಾಗದೆ ಹೋದವರು ಮಾತ್ರ ಇವೆರಡನ್ನೂ ಬಳಸುವಂತಿಲ್ಲ.