ಸರ್ವೆ ಮಾಡೂದಾದ್ರ ‘ಸಮಾಧಾನ ಐತೇನ್ರಿ’ ಅಂತ ಕೇಳಬ್ಯಾಡ್ರಿ

ಅಕ್ಕಾರ, ನಿಮ್ಮ ಪ್ರಶ್ನೆ ನೋಡಿದೆ, ವಾರ್ಡಿನ ಮಂದಿಗೆ ನೀರು, ಕಸ, ಬೀದಿ ದೀಪದ ಬಗ್ಗೆ ಸಮಾಧಾನ ಐತೋ ಇಲ್ಲೋ ಕೇಳಿ ಪಾಲಿಕೆಗೆ ಕೊಡಬೇಕು, ಗೂಗಲ್ ಫಾರ್ಮ್ ಮಾಡಿ ನಮ್ಮ ತಾರಸಿ ತೋಟದ ಗುಂಪಿನಾಗ ಹಾಕಿದ್ರ ಸಾಕೇನು ಅಂತ. ಸಾಕಾಗೂದಿಲ್ರಿ. ಇಲ್ಲಿರೋ ನಾವು ಬಹಳಷ್ಟು ಮಂದಿ ಸ್ವಂತ ಮನಿಯವ್ರು, ಮ್ಯಾಲ ಸಿಂಟೆಕ್ಸ್, ಕೆಲವ್ರಿಗೆ ಬೋರು ಬ್ಯಾರೆ, ಕುಂಡಕ್ಕ ಹಾಕೋ ನೀರಿನ ಚಿಂತಿ ನಮ್ದು. ಹಿಂದಿನ ಓಣ್ಯಾಗ ಬಾಡಿಗಿ ಇದ್ದು ನಳದ ಮುಂದ ಕೊಡ ಹಿಡದು ನಿಲ್ಲಾವ್ರ ಮಾತು ಆ ಫಾರ್ಮಿನಾಗ ಬರಂಗಿಲ್ಲ.

ಹೋದ ವರ್ಷ ಬೀಗರ ಊರಾಗ ನಾನು 40 ಮನಿ ತಿರುಗೀನಿ. ಒಬ್ಬಾಕಿ ಅಜ್ಜಿಗೆ ನೀರು ಹೆಂಗೈತಿ ಅಂದ್ರ ‘ಚೊಲೋ ಐತಪಾ’ ಅಂದ್ಲು, ಹಿಂದಿನ ಸಲ ಯಾವಾಗ ಬಂತು ಅಂದಕೂಡ್ಲೆ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತೋರಿಸಿದ್ಲು, ನೀರು ಬಂದ ದಿನಕ್ಕೆಲ್ಲ ಪೆನ್ಸಿಲ್‌ಲೆ ಗುಂಡ ಹಾಕಿದ್ಲು, ಎರಡ ಗುಂಡದ ನಡಕ 7-8 ದಿನ. ಆಕಿಗೆ ಅದ ರೂಢಿ ಆಗೇತಿ, ಹಂಗಾಗಿ ಚೊಲೋ. ಅದಕ್ಕ ಮೊದಲ ಯಾವಾಗ ಬಂತು, ಎಷ್ಟ ತಾಸು ಬಂತು ಕೇಳ್ರಿ, ಸಮಾಧಾನದ ಪ್ರಶ್ನೆ ಕಡೀಕ ಇಡ್ರಿ. ‘ನೀರು ಮತ್ತ ಕಸ ಸರಿ ಐತೇನು’ ಅಂತ ಎರಡೂ ಕೂಡಿಸಿ ಕೇಳಬ್ಯಾಡ್ರಿ, ಹೌದು ಅಂದ್ರ ಯಾವುದಕ್ಕ ಅಂತ ತಿಳಿಯೂದ ಇಲ್ಲ.

ಮನಿ ಆರಿಸೂದು ಹೆಂಗಂದ್ರ ಓಣಿಯ ಒಂದ ತುದಿಯಿಂದ ಹೊಂಟು ಪ್ರತಿ ಐದನೇ ಮನಿ, ಬಾಗಿಲ ಹಾಕಿದ್ರ ಬಾಜೂದವ್ರನ್ನ ಕೇಳದ ಸಂಜಿಗೆ ಮತ್ತೊಮ್ಮೆ ಹೋಗ್ರಿ. ನೀರು ತುಂಬಾವ್ರನ್ನ ಕೇಳ್ರಿ, ಮನಿ ಯಜಮಾನ್ರಿಗೆ ಬಹಳ ಸಲ ಗೊತ್ತ ಇರೂದಿಲ್ಲ. ಕಾರ್ಪೊರೇಟರ್ ಕಡೆಯವ್ರನ್ನ ಸಂಗಾಟ ಕರಕೊಂಡ ಹೋದ್ರ ಎಲ್ಲಾರೂ ಚೊಲೋ ಐತ್ರಿ ಅಂತಾರ, ಅವ್ರನ್ನ ಚಾ ಕುಡಿಸಿ ಕಳಿಸ್ರಿ.

100 ಮನಿ ಹಿಂಗ ಕೇಳಿ 60 ಮಂದಿ ಬೇಸರ ಅಂದ್ರ ಇಡೀ ವಾರ್ಡಿನ ಖರೇ ಲೆಕ್ಕ ನೂರಕ್ಕ 50ರಿಂದ 70ರ ನಡಕ ಇರಬಹುದು, ಮುಂದಿನ ವರ್ಷ 55 ಬಂದ್ರ ಸುಧಾರಿಸೇತಿ ಅಂತ ಪೇಪರಿಗೆ ಕೊಡಬ್ಯಾಡ್ರಿ. ಇನ್ನ ಎಲ್ಲಾ ವಾರ್ಡ್ ಕೂಡಿಸಿ ಸರಾಸರಿ ತೆಗಿಯೂದಂತೂ ಬ್ಯಾಡ. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಾಗ ಈಗ 82 ವಾರ್ಡ್, 2008ರ ಸುಮಾರಿಗೆ 24 ತಾಸಿನ ನೀರು ಮೊದಲ ಬಂದದ್ದು ಬರೇ 8 ವಾರ್ಡಿಗೆ, ಅಂಥಾ ಕಡೆಯವ್ರ ಉತ್ತರ, ದಿನ ಎಣಸಾವ್ರ ಉತ್ತರ ಕಲಸಿದ್ರ ಯಾರ ಮಾತೂ ಉಳಿಯೂದಿಲ್ಲ.

ಪ್ರಶ್ನೆ ಬರದ ಮ್ಯಾಲ ಇಲ್ಲೇ ಹಾಕ್ರಿ, ಮೊದಲ ಹತ್ತ ಮನಿ ಕೇಳಿ ನೋಡೂಣು. ರವಿವಾರ ನಾನೂ ಒಂದ ಓಣಿ ಹಿಡಿತೀನಿ, ಸಂಜಿ 6ರ ಮ್ಯಾಲ ಆದ್ರ, ಮುಂಜಾನೆ ಮೆಣಸಿನಗಿಡದ ಕುಂಡ ಬದಲಿ ಮಾಡೂದೈತಿ.