ಚಳಿಗಾಲವಿಡೀ ನಿಂತ ಕ್ಯಾಂಪರಿಗೆ ಬೂಷ್ಟು ಹಿಡಿಯದಂತೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು, ಈಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿದ್ದೇವೆ. ಬೇಸಿಗೆಯ ಪ್ರವಾಸಕ್ಕೆಂದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪರ್ (ಗಾಲಿಗಳ ಮೇಲಿನ ಪುಟ್ಟ ಮನೆ) ಕೊಂಡಿದ್ದೇವೆ. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅದು ಮನೆಯ ಪಕ್ಕದ ಹುಲ್ಲಿನ ನೆಲದ ಮೇಲೆ, ವಿದ್ಯುತ್ ಸಂಪರ್ಕವಿಲ್ಲದೆ ನಿಂತಿರುತ್ತದೆ. ಕಳೆದ ವರ್ಷ ಕಿಟಕಿ, ಗಾಳಿಕಿಂಡಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ, ಒಳಗೆ ಬಟ್ಟಲುಗಳಲ್ಲಿ ಉಪ್ಪು ಇಟ್ಟಿದ್ದೆವು. ಆದರೂ ವಸಂತದಲ್ಲಿ ಬಾಗಿಲು ತೆರೆದರೆ ಹಾಸಿಗೆಯ ಅಡಿಯಲ್ಲೂ ಕಪಾಟಿನ ಮೂಲೆಗಳಲ್ಲೂ ಬೂಷ್ಟು ಹಿಡಿದಿತ್ತು. ಹಿಮ ಬೀಳುವ ಚಳಿಯಲ್ಲಿ ಬೂಷ್ಟು ಹೇಗೆ ಬೆಳೆಯಿತು? ಆಗಾಗ ಪ್ರೋಪೇನ್ ಅನಿಲದ ಹೀಟರ್ ಹಚ್ಚಿ ಒಣಗಿಸಬಹುದೇ?

ಉತ್ತರ: ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬೂಷ್ಟು ಬೆಳೆಯುವುದಿಲ್ಲವೆಂದೇ ಹೇಳಬಹುದು, ಆದರೆ ಅದು ಸಾಯುವುದೂ ಇಲ್ಲ. ಬೀಗ ಹಾಕಿದ ಮೊದಲ ಕೆಲವು ವಾರಗಳಲ್ಲಿ ಮತ್ತು ಹಿಮ ಕರಗುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಒಳಗಿನ ತೇವಕ್ಕೆ ತುಸು ಬೆಚ್ಚನೆಯ ವಾತಾವರಣ ಜೊತೆಯಾದಾಗ ಅದು ಹಬ್ಬುತ್ತದೆ. ಆದ್ದರಿಂದ ನೀವು ಕೇಳಬೇಕಾದ ಮುಖ್ಯ ಪ್ರಶ್ನೆಯೆಂದರೆ, ಆ ತೇವ ಒಳಗೆ ಉಳಿದದ್ದು ಹೇಗೆ ಎಂಬುದು.

ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಬಾಗಿಲು, ಕಿಟಕಿ ಮುಚ್ಚಿಡುವುದರಲ್ಲಿ ಅರ್ಥವಿದೆ. ಮಿಶಿಗನ್‌ನ ಚಳಿಗಾಲದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, ಸೊನ್ನೆ ಡಿಗ್ರಿಯಲ್ಲಾದರೆ 5 ಗ್ರಾಂ ಕೂಡ ಹಿಡಿಯದು. ಅಂದರೆ ಅಲ್ಲಿನ ಹೊರಗಾಳಿಯಲ್ಲಿ ನೀರು ಬಹಳ ಕಡಿಮೆ, ಅದು ಒಳಗೆ ಬಂದು ಬಿಸಿಲಿನ ಶಾಖಕ್ಕೆ ಸ್ವಲ್ಪ ಬೆಚ್ಚಗಾದರೆ ಪಸೆಯನ್ನು ಹೀರಿಕೊಂಡು ಹೊರಹೋಗಬಲ್ಲದು. ನೀವು ಎಲ್ಲವನ್ನೂ ಬಿಗಿಯಾಗಿ ಮುಚ್ಚಿ ಆ ದಾರಿಯನ್ನೇ ತಡೆದಿರಿ. ಹಗಲಿನ ಬಿಸಿಲಿಗೆ ಪ್ಲೈವುಡ್, ಫೋಮ್ ಹಾಸಿಗೆ, ಪರದೆಗಳಿಂದ ಎದ್ದ ಆವಿ ರಾತ್ರಿ ಗಾಜಿನ ಮೇಲೆ, ಗೋಡೆಯೊಳಗಿನ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಹನಿಗಟ್ಟುತ್ತದೆ. ಹುಲ್ಲುನೆಲದಿಂದ ಮೇಲೇರುವ ಪಸೆಯನ್ನು ಟಾರ್ಪಾಲು ಹಿಡಿದಿಟ್ಟುಕೊಂಡಿರುವ ಸಂಭವವೂ ಹೆಚ್ಚು.

ಉಪ್ಪಿನ ವಿಷಯಕ್ಕೆ ಬಂದರೆ, ಅಡುಗೆ ಉಪ್ಪು ನೀರನ್ನು ಗಣನೀಯವಾಗಿ ಹೀರುವುದು ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಸುಮಾರು ಶೇ. 75 ದಾಟಿದ ಮೇಲೆ. ಬೂಷ್ಟಿನ ಅಪಾಯವನ್ನು ದೂರವಿಡಲು ಆರ್ದ್ರತೆ ಶೇ. 60ಕ್ಕಿಂತ ಕೆಳಗಿರಬೇಕು, ಹಾಗಾಗಿ ಉಪ್ಪು ಕೆಲಸ ಆರಂಭಿಸುವ ಹೊತ್ತಿಗೆ ತಡವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಇದಕ್ಕಿಂತ ಎಷ್ಟೋ ಮೇಲು. ಆದರೆ ಅವು ಹೀರಿದ ನೀರು ತೀಕ್ಷ್ಣವಾದ ಉಪ್ಪುದ್ರವವಾಗಿ ತಳದಲ್ಲಿ ನಿಲ್ಲುತ್ತದೆ, ಚೆಲ್ಲಿದರೆ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಅವನ್ನು ಸಿಂಕಿನಲ್ಲೋ ಸ್ನಾನದ ತೊಟ್ಟಿಯಲ್ಲೋ ಇಟ್ಟು, ತಿಂಗಳಿಗೊಮ್ಮೆ ನೋಡಿ ಖಾಲಿಮಾಡಿ. ಒಣಗಿಸದೆ ಬೀಗ ಹಾಕಿದ ಕ್ಯಾಂಪರನ್ನು ಎಷ್ಟು ಡಬ್ಬಿ ಇಟ್ಟರೂ ಉಳಿಸಲಾಗದು ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಪ್ರೋಪೇನ್ ಹೀಟರಿನ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಕಿಲೋ ಪ್ರೋಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಹೊಗೆಕೊಳವೆಯಿಲ್ಲದ ಹೀಟರ್ ಅಷ್ಟನ್ನೂ ಒಳಗೇ ಬಿಡುತ್ತದೆ, ಜೊತೆಗೆ ಪ್ರಾಣಾಪಾಯ ತರುವ ಕಾರ್ಬನ್ ಮೊನಾಕ್ಸೈಡನ್ನೂ ಸೂಸಬಹುದು.

ಈ ಸಲ ಅಕ್ಟೋಬರಿನ ಒಣ ಬಿಸಿಲಿನ ದಿನಗಳಲ್ಲಿ ಕೆಲಸ ಆರಂಭಿಸಿ. ಮೊದಲು ಛಾವಣಿ ಹತ್ತಿ, ಗಾಳಿಕಿಂಡಿಗಳ ಸುತ್ತಲಿನ, ಅಂಚುಗಳ, ದೀಪಗಳ ಬುಡದ ಸೀಲಂಟ್ (ಸಂದು ಮುಚ್ಚುವ ಅಂಟು) ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ, ಏಕೆಂದರೆ ಕೂದಲೆಳೆಯಷ್ಟು ಬಿರುಕಿನಿಂದ ಇಳಿಯುವ ಹಿಮದ ನೀರು ಗೋಡೆಯ ಪದರಗಳನ್ನೇ ಬಿಡಿಸಿಬಿಡುತ್ತದೆ. ಛಾವಣಿ ಇಪಿಡಿಎಂ ಎಂಬ ಕೃತಕ ರಬ್ಬರಿನದಾಗಿದ್ದರೆ ಸಿಲಿಕಾನ್ ಸರಿಯಾಗಿ ಅಂಟುವುದಿಲ್ಲ, ಅದಕ್ಕೆಂದೇ ಇರುವ ಸೀಲಂಟನ್ನೇ ಬಳಸಿ. ಬಳಿಕ ನೀರಿನ ಟ್ಯಾಂಕು, ಕೊಳವೆ, ಗೀಜರ್‌ಗಳನ್ನು ಬರಿದುಮಾಡಿ, ಕೊಳವೆಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ತುಂಬಿಸಿ. ಕಾರಿನ ಎಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಇಲ್ಲಿ ಬೇಡವೇ ಬೇಡ. ಹಾಸಿಗೆ, ದಿಂಬು, ಬಟ್ಟೆಗಳನ್ನೆಲ್ಲ ಮನೆಗೆ ಒಯ್ಯಿರಿ. ಒಯ್ಯಲಾಗದ ಮೆತ್ತೆಗಳನ್ನು ಗೋಡೆಗೆ ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ, ಕಪಾಟು, ಡ್ರಾಯರ್, ಫ್ರಿಜ್ ಎಲ್ಲದರ ಬಾಗಿಲು ತೆರೆದಿಡಿ.

ಛಾವಣಿಯ ಗಾಳಿಕಿಂಡಿಗಳಿಗೆ ಮಳೆ, ಹಿಮ ತಡೆಯುವ ಹೊರಗವಚ ಹಾಕಿಸಿ, ಕಿಂಡಿಯನ್ನು ಒಂದೆರಡು ಅಂಗುಲ ತೆರೆದೇ ಬಿಡಿ. ಗಾಳಿ ಒಳಬರಲು ಕೆಳಗೂ ಒಂದು ದಾರಿ ಬೇಕು, ಅದಕ್ಕೆ ಇಲಿ ನುಸುಳದಂತೆ ಲೋಹದ ಜಾಲರಿ ಹೊಡೆಯಿರಿ. ಟಾರ್ಪಾಲಿನ ಬದಲು ಕ್ಯಾಂಪರ್‌ಗಳಿಗೆಂದೇ ಮಾಡಿದ, ಆವಿ ಹೊರಬಿಡುವ ಬಟ್ಟೆಯ ಹೊದಿಕೆ ಕೊಳ್ಳುವುದು ವೆಚ್ಚವಾದರೂ ಯೋಗ್ಯ. ಸಾಧ್ಯವಾದರೆ ಹುಲ್ಲಿನ ಬದಲು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ನೀರು ಛಾವಣಿಯಲ್ಲಿ ನಿಲ್ಲದೆ ಹರಿಯುವಂತೆ ಮುಂಭಾಗವನ್ನು ಸ್ವಲ್ಪ ಎತ್ತರಿಸಿ.

ಈಗಿರುವ ಬೂಷ್ಟನ್ನು ಇದಕ್ಕೂ ಮೊದಲೇ ತೆಗೆಯಬೇಕು. ಗಟ್ಟಿ ಮೇಲ್ಮೈಗಳನ್ನು ಸೋಪಿನ ನೀರಿನಿಂದ ಉಜ್ಜಿ ಪೂರ್ತಿ ಒಣಗಿಸಿದರೆ ಸಾಕು, ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ವಿನೆಗರನ್ನಾಗಲಿ ಅಮೋನಿಯಾವನ್ನಾಗಲಿ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೂಷ್ಟು ಆಳಕ್ಕಿಳಿದ ಫೋಮ್ ಮೆತ್ತೆಯನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಅದನ್ನು ಬದಲಿಸಿ.

ಒಳಗೊಂದು ಅಗ್ಗದ ಆರ್ದ್ರತಾ ಮಾಪಕವನ್ನಿಟ್ಟು, ಚಳಿಗಾಲದ ನಡುವೆ ಒಣ ಬಿಸಿಲಿನ ದಿನ ನೋಡಿ ಬಾಗಿಲು, ಕಿಟಕಿಗಳನ್ನು ಕೆಲವು ಗಂಟೆ ಪೂರ್ತಿ ತೆರೆಯಿರಿ. ಏಪ್ರಿಲಿನಲ್ಲಿ ಮಾತ್ರ ದಿನವನ್ನು ಎಚ್ಚರದಿಂದ ಆರಿಸಿಕೊಳ್ಳಿ: ಬೆಚ್ಚನೆಯ ಮಳೆಯ ದಿನ ತೆರೆದರೆ, ಇನ್ನೂ ತಣ್ಣಗಿರುವ ಗೋಡೆಗಳ ಮೇಲೆ ಆ ಗಾಳಿಯ ನೀರೆಲ್ಲ ಹನಿಯಾಗಿ ಕೂರುತ್ತದೆ.