ಬರವಣಿಗೆಗೂ ವೇದಿಕೆ ಭಾಷಣಕ್ಕೂ ಹೋಲಿಕೆ ಎಲ್ಲಿದೆ?

ಕೇಳುಗನಿಗೂ ಓದುಗನಿಗೂ ಮಾತು ಸಿಗುವುದು ಒಂದರ ಹಿಂದೆ ಒಂದಾಗಿ. ಮುಖ್ಯ ಹೋಲಿಕೆ ಇದೇ. ಓದುಗ ಹಿಂದಿನ ಸಾಲಿಗೆ ಮರಳಬಹುದು ನಿಜ, ಆದರೆ ಬೇಸರವಾದರೆ ಮರಳುವುದಿಲ್ಲ, ಪುಟ ಮುಚ್ಚುತ್ತಾನೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಕಳೆದ ವರ್ಷ ನೇಮಕಗೊಂಡ ಸಮಿತಿ ಸಲ್ಲಿಸಿದ ವರದಿಯಲ್ಲಿ ಸೂಚಿಸಲಾದ ಕ್ರಮಗಳನ್ನು...’ ಎಂದು ಎಳೆದರೆ ಏನಾಯಿತು ಎಂದು ತಿಳಿಯುವಷ್ಟರಲ್ಲಿ ಯಾರ ವಿಷಯ ಎಂಬುದೇ ಮರೆತಿರುತ್ತದೆ. ಪರೀಕ್ಷೆ ಸುಲಭ: ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದಾದಲ್ಲಿ ವಾಕ್ಯ ತುಂಡರಿಸಿ. ಮನಸ್ಸಿನಲ್ಲೇ ಓದಿಕೊಂಡರೆ ಈ ದೋಷ ಸಿಗುವುದಿಲ್ಲ. ಕಣ್ಣು ಹಾರಿಸಿಕೊಂಡು ಹೋಗುತ್ತದೆ.

ಆರಂಭದ ರೋಗವೂ ಒಂದೇ. ‘ವೇದಿಕೆಯ ಮೇಲಿರುವ ಗಣ್ಯರೇ’ ಎಂದು ಹತ್ತು ಹೆಸರು ಓದುವುದೂ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಲೇಖನ ತೆರೆಯುವುದೂ ಒಂದೇ ಜಾತಿ. ಮೊದಲ ಪ್ಯಾರಾ ಅಳಿಸಿ ನೋಡಿ. ಏನೂ ಕಳೆಯದಿದ್ದರೆ ಅದು ಬೇಕಿರಲಿಲ್ಲ.

ವ್ಯತ್ಯಾಸ ಇರುವುದು ದನಿಯಲ್ಲಿ. ‘ಅಧ್ಯಕ್ಷರು ನಿನ್ನೆ ರಾಜೀನಾಮೆ ಕೊಟ್ಟರು’ ಎನ್ನುವಾಗ ಭಾಷಣಕಾರ ‘ನಿನ್ನೆ’ಯನ್ನು ಒತ್ತಿ ಹೇಳಿದರೆ ಸಾಕು. ಕಾಗದದ ಮೇಲೆ ಆ ಒತ್ತು ವಾಕ್ಯರಚನೆಯಿಂದಲೇ ಬರಬೇಕು: ‘ಅಧ್ಯಕ್ಷರು ರಾಜೀನಾಮೆ ಕೊಟ್ಟದ್ದು ನಿನ್ನೆ.’ ಮೂರು ಆಶ್ಚರ್ಯಸೂಚಕ ಚಿಹ್ನೆ ಈ ಕೆಲಸ ಮಾಡುವುದಿಲ್ಲ (ಕೂಗಿದಂತೆ ಕಾಣುತ್ತದೆ, ಅಷ್ಟೇ).

ಸಭೆಯಲ್ಲಿ ‘ಸುಮಾರು ಎರಡು ಲಕ್ಷ’ ಎನ್ನಿ, ಬರಹದಲ್ಲಿ 1,98,450 ಎಂದೇ ಕೊಡಿ. ಮುಖ್ಯ ಮಾತನ್ನು ಭಾಷಣದಲ್ಲಿ 2-3 ಸಲ ಹೇಳಬೇಕಾಗುತ್ತದೆ. ಧ್ವನಿಮುದ್ರಣವನ್ನು ಹಾಗೇ ಅಕ್ಷರಕ್ಕಿಳಿಸಿದ ಲೇಖನ ಜಾಳಾಗುವುದು ಇದರಿಂದಲೇ. ಅಚ್ಚಿಗೆ ಕೊಡುವ ಮುನ್ನ ಸ್ಪಷ್ಟವಾಗಿರುವ ಒಂದನ್ನು ಉಳಿಸಿ, ಉಳಿದವನ್ನು ತೆಗೆಯಿರಿ.